ಉದ್ದ ಗುಂಡಿ

ಆಳಂದ
ತಾರೀಖು 12-2-1944

ಲಾಡ್ಲೆಸಾಬನಿಗೆ ಶಾಂತಲಿಂಗಪ್ಪ ಬರೆಯುವುದು.

ನಾನು ಬದುಕಿದ್ದೇನೆ. ನೀನೂ ಬದುಕಿರುವೆ ಎಂದು ಗಾಡಿ ಇಸ್ಮಾಯಿಲ ಹೇಳಿದ. ಜೇಲು ಮುಚ್ಚಿ ಮೂರು ವರ್ಷವಾಯಿತು, ಒಂದು ಕಾಗದ ಹಾಕಲಿಲ್ಲ ಎಂದು ಬೈದುಕೊಂಡರೆ ಬೈದುಕೋ. ನೀನೂ ಹಾಕಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು; ಬರೆಯಲು ಕೂತರೆ ತಲೆ ಕೆಡುತ್ತದೆ. ಕೆಲಸದ ಮಾತಿಗೆ ಬರುತ್ತೇನೆ.

ನಮ್ಮ ಜೇಲು ಮಾರಾಟವಾಯಿತು. ಹತ್ತಿ ವ್ಯಾಪಾರದ ಗುರಣ್ಣ ಕೊಂಡಿದ್ದಾನೆ. ಗೋಡೆ ಕೆಡವಿ ಹತ್ತಿ ಹಿಂಜುವ ಗಿರಣಿ ಕಟ್ಟುತ್ತಾನಂತೆ. ಯುಗಾದಿಯ ಮರುದಿನದಿಂದ ಹಿತ್ತಲಿನಲ್ಲಿ ಪಾಯ ತೋಡುವವರಿದ್ದಾರೆ. ಹಿತ್ತಲಿನಲ್ಲಿ ಯಾರಿದ್ದಾರೆ ಎಂದು ನಿನಗೆ ನಾನು ಹೇಳಬೇಕೇ? ಕಿಣ್ಣಿ ಸುಲ್ತಾನ ಊರಿನ ರೇವಣಪ್ಪ. ಕೈದಿ ನಂಬರ್ ಇಪ್ಪತ್ತೇಳು. ಒಂಬತ್ತು ವರ್ಷದ ಹಿಂದೆ ಕಾಲರಾದಲ್ಲಿ ಸತ್ತವನು.

ಅವನ ಹೆಂಡತಿ ಗೌರಾಬಾಯಿಯನ್ನು ನಾನು ಉಡಿಕಿ ಮಾಡಿಕೊಂಡು ಏಳು ವರ್ಷವಾಯಿತು ಎಂಬುದು ನಿನಗೆ ಗೊತ್ತು. ಸತ್ತ ಸುದ್ದಿ ಒಯ್ದವನೇ ನಾನು. ವಿಧವೆಗೆ ಎರಡನೇ ಸೀರೆ ಉಡಿಸುವುದು ನಮ್ಮಲ್ಲಿ ತಪ್ಪಲ್ಲ, ಊರ ಹಿರಿಯರೇ ಕೂತು ಮಾಡಿದರು. ಆದರೂ ಪ್ರತಿ ವರ್ಷ ಅವನು ಸತ್ತ ದಿನ ಅವಳು ಹಿತ್ತಲ ದಿಬ್ಬಕ್ಕೆ ಹೋಗಿ ಎಡೆ ಇಡುತ್ತಾಳೆ. ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ. ಗಿರಣಿಯ ಸುದ್ದಿ ಕೇಳಿದಾಗಿನಿಂದ ಒಂದೇ ಮಾತು: "ಗಿರಣಿ ಚಕ್ರದ ಬುಡಕ ಅಂವನ್ನ ಬಿಡಬ್ಯಾಡ್ರಿ. ಎಲುವು ತಂದು ಕಿಣ್ಣಿ ಹೊಲದಾಗ ಮಣ್ಣ ಮಾಡೋಣು."

ನನಗೂ ಅದೇ ಬೇಕು, ಬೇರೆ ಕಾರಣಕ್ಕೆ. ನೀನು ಮಾಡಿಟ್ಟ ತಪ್ಪನ್ನು ತಿದ್ದಬೇಕು. ನಮ್ಮವರು ಸತ್ತರೆ ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ ಎಂದು ಇಪ್ಪತ್ತು ವರ್ಷ ನನ್ನ ಜೊತೆ ಪಹರೆ ಮಾಡಿದ ನಿನಗೆ ಗೊತ್ತಿರಲಿಲ್ಲವೇ? ಆವತ್ತು ನಾನೂ ಕಾಲರಾ ಹತ್ತಿ ಪ್ರಜ್ಞೆ ಇಲ್ಲದೆ ಬಿದ್ದಿದ್ದೆ. ಎದ್ದು ಬಂದು ನೋಡಿದರೆ ಆರು ಅಡಿ ಉದ್ದದ ದಿಬ್ಬ! ನಿಮ್ಮವರ ಹಾಗೆ ಮಲಗಿಸಿ ಮುಚ್ಚಿದ್ದೆ. ಅಂದಿನಿಂದ ನಿನ್ನ ಮನೆಯಲ್ಲಿ ನಾನು ನೀರು ಕುಡಿದಿಲ್ಲ. ಯಾಕೆ ಕುಡಿದಿಲ್ಲ ಎಂದು ನೀನು ಕೇಳಲೂ ಇಲ್ಲ.

ಮೂರು ಮಾತಿಗೆ ಉತ್ತರ ಬರೆ. ತಲೆ ಯಾವ ಕಡೆ ಇದೆ? ಎಷ್ಟು ಆಳ? ಲಿಂಗ ಅವನ ಕೈಯಲ್ಲಿದೆಯೋ ಇಲ್ಲವೋ?

ಶಾಂತಲಿಂಗಪ್ಪ


ಜೇವರ್ಗಿ
ತಾರೀಖು 25-2-1944

ಜಮಾದಾರ ಶಾಂತಲಿಂಗಪ್ಪಣ್ಣನವರಿಗೆ ಲಾಡ್ಲೆಸಾಬನ ಸಲಾಮು.

ನಿಮ್ಮ ಕಾಗದ ಮುಟ್ಟಿತು. ನಿಮ್ಮ ಅಕ್ಷರ ನೋಡಿ ಸಂತೋಷವಾಯಿತು. ನನ್ನ ಮನೆಯಾಕೆ ಖುರ್ಷಿದಬೇಗಂ ನಿಮ್ಮನ್ನೂ ಗೌರಾಬಾಯಿಯವರನ್ನೂ ಕೇಳಿದ್ದಾಳೆ.

ಅಣ್ಣಾ, ನನ್ನದೊಂದು ವಿನಂತಿ. ಸತ್ತವರನ್ನು ಎಬ್ಬಿಸಬೇಡಿರಿ. ಗುರಣ್ಣ ಶೆಟ್ಟರಿಗೆ ಕೈಮುಗಿದು ಕೇಳಿದರೆ ಆರು ಅಡಿ ಜಾಗ ಬಿಡುವುದಿಲ್ಲವೇ? ಅದರ ಮೇಲೆ ಕಲ್ಲಿನ ಕಟ್ಟೆ ಕಟ್ಟಿಸಿರಿ. ಬೇಕಾದರೆ ಆಳು ಕರೆದುಕೊಂಡು ನಾನೇ ಬಂದು ಕಟ್ಟುತ್ತೇನೆ. ಜೇಲಿನಲ್ಲಿ ನಾವು ಎಷ್ಟು ಗೋಡೆ ಎತ್ತಿಸಲಿಲ್ಲ!

ಮೊನ್ನೆ ಕೂತಲ್ಲೇ ನಮ್ಮ ಜೇಲಿನ ತಾಸಿನ ಗಂಟೆಯ ಸದ್ದು ಕೇಳಿದಂತಾಯಿತು. ಆ ರೈಲು ಹಳಿಯ ತುಂಡಿಗೆ ನೀವು ಹೊಡೆದರೆ ಒಂದು ರೀತಿ, ನಾನು ಹೊಡೆದರೆ ಇನ್ನೊಂದು ರೀತಿ. ಕೈದಿಗಳು ಒಳಗಿನಿಂದಲೇ ಹೇಳುತ್ತಿದ್ದರು: "ಇವತ್ತ ಜಮಾದಾರ ಸಿಟ್ಟಿಲೆ ಬಂದಾನಪಾ, ಹುಷಾರ್!"

ಇದನ್ನು ಇಲ್ಲಿಯ ಶಾಲಿ ಮಾಸ್ತರರ ಕೈಯಿಂದ ಬರೆಸಿದ್ದೇನೆ. ಆದ್ದರಿಂದ ಹೆಚ್ಚು ಬರೆಸುವುದಿಲ್ಲ.

ಲಾಡ್ಲೆಸಾಬ


ಆಳಂದ
ತಾರೀಖು 4-3-1944

ಲಾಡ್ಲೆಸಾಬ,

ಮೂರು ಮಾತು ಕೇಳಿದ್ದೆ. ಒಂದಕ್ಕೂ ಉತ್ತರವಿಲ್ಲ. ಕಟ್ಟೆ ಕಟ್ಟುತ್ತಾನಂತೆ ಕಟ್ಟೆ! ತಪ್ಪಿನ ಮೇಲೆ ಕಲ್ಲು ಹೇರಿದರೆ ತಪ್ಪು ಸರಿಹೋಗುತ್ತದೆಯೇ? ಮಲಗಿಸಿದ್ದಕ್ಕೆ ನಾಚಿಕೆ ಆಗಿದ್ದರೆ ನಾಚಿಕೆ ಆಗಿದೆ ಎಂದು ಬರೆ. ನಾನು ಬೈಯುತ್ತೇನೆ, ಅಲ್ಲಿಗೆ ಮುಗಿಯಿತು.

ನಿನ್ನೆ ಗುರಣ್ಣನ ಹತ್ತಿರ ಬೀಗದ ಕೈ ಇಸಿದುಕೊಂಡು ಒಳಗೆ ಹೋಗಿ ಬಂದೆ. ಬೀಸುಕಲ್ಲಿನ ಪಡಸಾಲೆಯ ಮಾಡು ಕುಸಿದಿದೆ. ಹನ್ನೆರಡು ಬೀಸುಕಲ್ಲು ಸಾಲಾಗಿ ಇದ್ದವಲ್ಲ, ಕೆಳಗಿನ ಕಲ್ಲುಗಳು ನೆಲದಲ್ಲೇ ಹೂತು ಕೂತಿವೆ. ಮೂರನೆಯದರ ಎದುರು ನಿಂತೆ. ರೇವಣಪ್ಪನ ಕಲ್ಲು ಅದು. ಇಬ್ಬರು ಕೂತು ಬೀಸುವ ಜೋಳವನ್ನು ಅವನೊಬ್ಬನೇ ಬೀಸುತ್ತಿದ್ದ. ಎಂಥ ರಟ್ಟೆ! ಮೇಲಿನ ಕಲ್ಲಿನ ಅಂಚು ಅವನ ಕೈಯಲ್ಲೇ ಒಂದು ಸಲ ಸಿಡಿದು ಚಂದ್ರನ ತುಂಡಿನ ಹಾಗೆ ಮುಕ್ಕಾಗಿತ್ತು. ಸರ್ಕಾರಿ ಕಲ್ಲು ಒಡೆದೆ ಎಂದು ನಾನು ಎರಡು ದಿನ ಅವನನ್ನು ಬಿಸಿಲಿಗೆ ನಿಲ್ಲಿಸಿದ್ದೆ. ಆ ಮೇಲಿನ ಕಲ್ಲು ಮಾತ್ರ ಕಾಣಲಿಲ್ಲ. ಯಾರು ಕದ್ದರೋ.

ಹೀಗೆ ಬಿಸಿಲಿಗೆ ನಿಂತವನೇ ನನ್ನ ಬಾಯಿಗೆ ಗಂಜಿ ಹಾಕಿದ. ಕಾಲರಾ ಬಂದು ಪಹರೆಯವರು ಓಡಿಹೋದಾಗ, ನನ್ನನ್ನು ಮುಟ್ಟಲು ನೀನೂ ಹಿಂದೆ ಮುಂದೆ ನೋಡುತ್ತಿದ್ದಾಗ, ಅವನು ಮೂರು ದಿನ ಉಪ್ಪು ಕಲಸಿದ ಗಂಜಿ ಕುಡಿಸಿದ. ಬಟ್ಟೆ ಬದಲಿಸಿದ. "ಕುಡೀರಿ ಜಮಾದಾರ್ರ, ನೀವು ಸತ್ರ ನಮ್ಮ ಗಿಣತಿ ಯಾರ ತಗೋಳವ್ರು?" ಎಂದು ನಗುತ್ತಿದ್ದ. ಅವನ ಅಪರಾಧವಾದರೂ ಏನು? ಬಿಟ್ಟಿ ಗಾಡಿಗೆ ಎತ್ತು ಕೊಡುವುದಿಲ್ಲ ಎಂದು ಜಹಗೀರಿನ ಕಾರಕೂನನಿಗೆ ಬಾರುಕೋಲಿನಿಂದ ಎರಡು ಬಿಟ್ಟಿದ್ದ. ಅದಕ್ಕೆ ಏಳು ವರ್ಷ. ಇನ್ನು ಎಂಟು ದಿನದಲ್ಲಿ ಅವನನ್ನು ಕಲಬುರ್ಗಿಯ ದೊಡ್ಡ ಜೇಲಿಗೆ ಒಯ್ಯುವವರಿದ್ದರು. ನಾನು ಉಳಿದೆ, ಅವನು ಹೋದ.

ಆದ್ದರಿಂದ ತೋಡಿಯೇ ತೋಡುತ್ತೇನೆ. ಯುಗಾದಿ ದಿನ ಹಿತ್ತಲಿನಲ್ಲಿ ಆಳು ಇರುವುದಿಲ್ಲ. ನೀನು ಬಂದು ಪಕ್ಕದಲ್ಲಿ ನಿಲ್ಲು. ಮಲಗಿಸಿದ ಕೈಯಿಂದಲೇ ಎತ್ತು.

ಶಾಂತಲಿಂಗಪ್ಪ


ಜೇವರ್ಗಿ
ತಾರೀಖು 14-3-1944

ಶಾಂತಲಿಂಗಪ್ಪಣ್ಣಾ,

ತೋಡಬೇಡಿರಿ. ಯುಗಾದಿಗೆ ನಾನು ಬರುತ್ತೇನೆ. ನಾನು ಬಂದು ಎದುರಿಗೆ ಮಾತಾಡುವ ತನಕ ಮಣ್ಣು ಮುಟ್ಟಬೇಡಿರಿ. ಗೌರಾಬಾಯಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿರಿ. ಇಷ್ಟೇ.

ಮಾಸ್ತರರು ನನ್ನ ಮುಖ ನೋಡಿ ಜ್ವರ ಬಂದಿದೆಯೇ ಎಂದು ಕೇಳುತ್ತಿದ್ದಾರೆ. ಅದನ್ನೂ ಬರೆಯಿರಿ ಎಂದೆ.

ಲಾಡ್ಲೆಸಾಬ


ಆಳಂದ
ತಾರೀಖು 27-3-1944

ಲಾಡ್ಲೆಸಾಬ,

ಯುಗಾದಿ ದಿನ ಹೊತ್ತು ಇಳಿಯುವ ತನಕ ಜೇಲಿನ ಬಾಗಿಲಲ್ಲಿ ಕೂತು ನಿನ್ನ ದಾರಿ ಕಾದೆ. ಬರಲಿಲ್ಲ. ತೋಡಿದೆ.

ಗೌರಾಬಾಯಿ ನನ್ನ ಮಾತು ಕೇಳದೆ ಬಂದಿದ್ದಳು. ಎಲುಬು ಕಟ್ಟಿಕೊಳ್ಳಲು ಹೊಸ ಧೋತರ, ವಿಭೂತಿ, ಹೂ ಹಿಡಿದು ನಿಂತಿದ್ದಳು. ಸೊಂಟದ ಆಳಕ್ಕೆ ಗುದ್ದಲಿ ಟಣ್ ಎಂದಿತು. ಕೈಯಿಂದ ಮಣ್ಣು ಸರಿಸಿದೆ. ಕಂಬಳಿಯ ಚಿಂದಿ. ಅದರೊಳಗೆ ಕೊಳೆತು ಕರಿದಾದ ಜೋಳದ ದಂಟು. ನಡುವೆ ಒಂದು ಕಲ್ಲು. ಅಂಚು ಮುಕ್ಕಾದ ಬೀಸುಕಲ್ಲು.

ಎಲುಬಿಲ್ಲ. ಹಲ್ಲಿಲ್ಲ. ಲಿಂಗವಿಲ್ಲ. ಉದ್ದಕ್ಕೂ ತೋಡಿ ನೋಡಿದೆ.

ಅವಳು ಮೇಲಿನಿಂದ ಕೇಳಿದಳು: "ಏನ್ರಿ, ಸಿಕ್ನಾ?" "ಮಣ್ಣಾಗಿ ಹೋಗ್ಯಾನ, ಮನಿಗ ನಡಿ" ಎಂದೆ. ಅವಳು ಗುಂಡಿಯನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. ಆವತ್ತಿನಿಂದ ಮನೆಯಲ್ಲಿ ಮಾತಿಲ್ಲ. ಧೋತರವನ್ನು ಮಡಿಚಿ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ.

ಈಗ ಗೊತ್ತಾಯಿತು ನೀನು ಯಾಕೆ ಕಟ್ಟೆ ಕಟ್ಟುತ್ತೇನೆ ಎಂದೆ, ಯಾಕೆ ಬರಲಿಲ್ಲ. ಹೆಣ ಮುಟ್ಟಲು ಹೆದರಿ ಎಲ್ಲಿ ಎಸೆದೆ ಹೇಳು! ಹಳ್ಳಕ್ಕೋ? ಸುಣ್ಣದ ಗುಂಡಿಗೋ? ನಾಯಿ ಎಳೆದವೋ? ನನ್ನನ್ನು ಉಳಿಸಿದವನಿಗೆ ಒಂದು ಹಿಡಿ ಮಣ್ಣು ಹಾಕದೆ ಕಲ್ಲು ಹೂತು, ಒಂಬತ್ತು ವರ್ಷ ಆ ಹೆಂಗಸಿನ ಕೈಯಲ್ಲಿ ಕಲ್ಲಿಗೆ ಎಡೆ ಇಡಿಸಿದೆಯಲ್ಲೋ! ನನ್ನ ಪಕ್ಕದಲ್ಲಿ ಆರು ವರ್ಷ ನೌಕರಿ ಮಾಡಿದೆ, ಬಾಯಿ ಬಿಡಲಿಲ್ಲ.

ಇಂದಿನಿಂದ ಎಂಟು ದಿನ. ಅಷ್ಟರಲ್ಲಿ ಅವನನ್ನು ಎಲ್ಲಿ ಹಾಕಿದೆ ಎಂದು ನಿನ್ನ ಕೈಯಿಂದ ಬರೆದು ಕಳಿಸದಿದ್ದರೆ ಈ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಪೋಲೀಸು ಅಮೀನಸಾಹೇಬರ ಕಚೇರಿಗೆ ಹೋಗುತ್ತೇನೆ. ತಿಂಗಳಿಗೆ ಬರುವ ನಿನ್ನ ವಜೀಫೆಯ ದುಡ್ಡು ಹೋಗಲಿ, ನೀನೂ ಹೋಗು.

ಶಾಂತಲಿಂಗಪ್ಪ


ಜೇವರ್ಗಿ
ತಾರೀಖು 31-3-1944

ಅಣ್ಣಾ,

ಇದು ನನ್ನ ಕೈಬರಹ. ಪಹರೆಯಲ್ಲಿ ಕೂತು ಗೋಡೆಯ ಮೇಲೆ ಇದ್ದಿಲಿನಿಂದ ನೀವೇ ಕಲಿಸಿದ ಅಕ್ಷರ. ತಪ್ಪಿದ್ದರೆ ಓದಿಕೊಳ್ಳಿರಿ. ಅಂಚೆಗೆ ಹಾಕುವ ಧೈರ್ಯವಿಲ್ಲ, ಇಸ್ಮಾಯಿಲನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಸುಟ್ಟುಬಿಡಿರಿ.

ನಾನು ಯಾರನ್ನೂ ಎಸೆಯಲಿಲ್ಲ. ರೇವಣಪ್ಪ ಸಾಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ. ನಾಲ್ವರು ಸತ್ತಿದ್ದರು. ನೀರು ಹೊರುವವನೂ ಸತ್ತಿದ್ದ. ಜೇಲಿನ ದಾರೋಗಾ ಸಾಹೇಬರು ಎದುರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಳಿಗೆಯ ಕಿಟಕಿಯಿಂದ ಕೂಗಿ ಕೇಳುತ್ತಿದ್ದರು: "ಇವತ್ತ ಎಷ್ಟ್ ಮಂದಿ?" ಒಳಗೆ ನೀವು ಬಿದ್ದಿದ್ದಿರಿ, ರೇವಣಪ್ಪ ನಿಮ್ಮ ತಲೆ ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಹಾಕುತ್ತಿದ್ದ. ನನಗೆ ಏನಾಯಿತೋ ಗೊತ್ತಿಲ್ಲ. ಕಿಟಕಿಗೆ ಕೇಳುವ ಹಾಗೆ ಕೂಗಿದೆ: "ಐದ್ ಮಂದಿ ಸಾಹೇಬ್! ಇಪ್ಪತ್ತೇಳನೇದಾಂವನೂ ಹೋದ!"

ಅವನು ನನ್ನ ಮುಖ ನೋಡಿದ. "ಲಾಡ್ಲೆಸಾಬ, ನಾ ಕುಂತೇನಲ್ಲೋ ಇಲ್ಲೆ" ಎಂದ. "ಕುಂದ್ರಬ್ಯಾಡ, ಏಳ" ಎಂದೆ. ನೀರಿನವನ ಚರ್ಮದ ಚೀಲ ಬೆನ್ನಿಗೆ ಹಾಕಿದೆ, ಅವನ ಮುಂಡಾಸು ಸುತ್ತಿದೆ. ದೊಡ್ಡ ಬಾಗಿಲಿನಿಂದಲೇ ಹೊರಗೆ ಹೋದ. ಬೀದಿಯಲ್ಲಿ ಯಾರೂ ಇರಲಿಲ್ಲ. ಹೋಗುವಾಗ ಹೇಳಿದ್ದು ಇಷ್ಟೇ: "ಜಮಾದಾರ್ರಿಗ ಇನ್ನ ಎರಡ್ ದಿನ ಗಂಜಿ ಹಾಕ. ನಿಂದರಿಸಬ್ಯಾಡ." ಹಾಕಿದವನು ನಾನು. ನಿಮಗೆ ನೆನಪಿಲ್ಲ.

ಕಂಬಳಿಯಲ್ಲಿ ಭಾರಕ್ಕೆ ಅವನ ಕಲ್ಲು, ಉದ್ದಕ್ಕೆ ಜೋಳದ ದಂಟು ಸುತ್ತಿದೆ. ಮಾಳಿಗೆಯಿಂದ ನೋಡುವವರಿಗೆ ಹೆಣದ ಹಾಗೆ ಕಾಣಬೇಕಿತ್ತು.

ಅಣ್ಣಾ, ನಿಮ್ಮವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ತಿಳಿಯಬೇಡಿರಿ. ಆದರೆ ಒಳಗೆ ಇಡಲು ಮನುಷ್ಯನೇ ಇರಲಿಲ್ಲ. ಮನುಷ್ಯ ಇದ್ದಿದ್ದರೆ ಅವನು ಯಾರು ಎಂದು ನೆನಪಿರುತ್ತಿತ್ತು. ನನ್ನ ಅಪ್ಪನಿಗೆ, ಎರಡು ಮಕ್ಕಳಿಗೆ ತೋಡಿದ ಕೈ ಇದು. ಅವಸರದಲ್ಲಿ ತನಗೆ ರೂಢಿಯಿದ್ದ ಗುಂಡಿಯನ್ನೇ ತೋಡಿತು. ಮುಚ್ಚಿದ ಮೇಲೆ ದಿಬ್ಬ ನೋಡಿದಾಗ ತಪ್ಪು ಗೊತ್ತಾಯಿತು. ನೀವು ಎದ್ದು ನೋಡಿದರೆ ಸಂಶಯಪಡುತ್ತೀರಿ ಎಂದುಕೊಂಡೆ. ನೀವು ಸಂಶಯಪಡಲಿಲ್ಲ, ಬೈದಿರಿ. ಬೈಯಲಿ, ಅದೇ ಒಳ್ಳೆಯದು ಎಂದು ಸುಮ್ಮನಿದ್ದೆ.

ನಿಮಗೆ ಯಾಕೆ ಹೇಳಲಿಲ್ಲ? ಗಿಣತಿಯಲ್ಲಿ ಒಂದು ತಲೆ ಕಡಿಮೆ ಬಂದರೆ ನೀವು ನಿಮ್ಮ ಅಪ್ಪನನ್ನೂ ಬಿಡುವವರಲ್ಲ. ಆಮೇಲೆ ಹೇಳೋಣ ಎನ್ನುವಷ್ಟರಲ್ಲಿ ನೀವು ಕೋಲು ಊರಿಕೊಂಡು ಕಿಣ್ಣಿ ಸುಲ್ತಾನಕ್ಕೆ ನಡೆದು ಸಾವಿನ ಸುದ್ದಿ ಮುಟ್ಟಿಸಿ ಬಂದಿದ್ದಿರಿ.

ಅವನು ಸೊಲ್ಲಾಪುರದ ಗಿರಣಿಯಲ್ಲಿದ್ದಾನೆ. ಅದು ಇಂಗ್ರೇಜರ ಸೀಮೆ, ನಿಜಾಮರ ಪೋಲೀಸು ಅಲ್ಲಿಲ್ಲ. ಎರಡು ವರ್ಷ ತಲೆ ಎತ್ತದೆ ಇದ್ದು, ಹೆಂಡತಿಯನ್ನು ಗುಟ್ಟಾಗಿ ಕರೆಸಿಕೊಳ್ಳಲು ಒಂದು ದಿನ ನನ್ನ ತಂಗಿಯ ಮನೆಗೆ, ಅಫಜಲಪುರಕ್ಕೆ ಬಂದ. ನನ್ನನ್ನು ಕರೆಸಿದ. ಅಷ್ಟರಲ್ಲಿ ನಿಮ್ಮ ಉಡಿಕಿಯಾಗಿ ನಾಲ್ಕು ತಿಂಗಳಾಗಿತ್ತು. ಹೇಳಿದೆ. ಒಂದು ತಂಬಿಗೆ ನೀರು ಕುಡಿದ. "ಜಮಾದಾರ ಸಿಟ್ಟಿನಾಂವ. ಆದ್ರ ಹೆಣ್ಮಕ್ಕಳ ಮ್ಯಾಲ ಕೈ ಎತ್ತಾಂವಲ್ಲ" ಎಂದು ಎದ್ದು ಹೋದ. ತಿರುಗಿ ಮದುವೆಯಾಗಲಿಲ್ಲ ಎಂದು ಕೇಳಿದ್ದೇನೆ. ಅವನಿರುವ ಚಾಳು ಇಸ್ಮಾಯಿಲನಿಗೆ ಗೊತ್ತು.

ಯುಗಾದಿಗೆ ಹೊರಟಿದ್ದೆ. ಅಫಜಲಪುರದ ತನಕ ಬಂದು ತಿರುಗಿ ಹೋದೆ. ನಿಮ್ಮ ಮನೆಯ ಹೊಸ್ತಿಲಲ್ಲಿ ಗೌರಾಬಾಯಿಯ ಎದುರು ನಿಂತು ಈ ಮಾತು ಹೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಈಗ ಅಮೀನರ ಹತ್ತಿರ ಹೋಗುವುದಾದರೆ ಹೋಗಿರಿ. ಅವಳಿಗೆ ಮಾತ್ರ ಹೇಳಬೇಡಿರಿ. ಹೇಳಿದರೆ ನಿಮ್ಮ ಮನೆ ಉಳಿಯುವುದಿಲ್ಲ.

ಲಾಡ್ಲೆಸಾಬ


ಜೇವರ್ಗಿ
ತಾರೀಖು 24-4-1944

ಜಮಾದಾರ ಶಾಂತಲಿಂಗಪ್ಪಣ್ಣನವರಿಗೆ,

ಇಸ್ಮಾಯಿಲ ಕಾಗದ ಮುಟ್ಟಿಸಿದೆ ಎಂದ. ನೀವು ಓದಿ ಬಾಗಿಲು ಹಾಕಿಕೊಂಡಿರಂತೆ. ಇಪ್ಪತ್ತು ದಿನದ ಮೇಲಾಯಿತು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಖುರ್ಷಿದಬೇಗಂ ಒಳಗೆ ಓಡುತ್ತಾಳೆ. ನಾನು ಅಂಗಿ ಹಾಕಿಕೊಂಡೇ ಕೂಡುತ್ತೇನೆ, ಕರೆದರೆ ಹೊರಡಲು.

ಬೈದಾದರೂ ಬರೆಯಿರಿ.

ಲಾಡ್ಲೆಸಾಬ


ಆಳಂದ
ತಾರೀಖು 9-5-1944

ಲಾಡ್ಲೆಸಾಬ,

ಅಂಗಿ ಬಿಚ್ಚು. ಸೆಖೆ ಬಹಳ ಇದೆ. ಯಾರೂ ಬರುವುದಿಲ್ಲ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅಕ್ಷರ ಕೆಟ್ಟದಾಗಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ರೇವಣಪ್ಪನ ಮೇಲೆ. ಸತ್ತವನು ಸತ್ತ ಹಾಗೆ ಇರಬಾರದೇ? ಆ ಮಾತು ಮನಸ್ಸಿಗೆ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಮೂರು ದಿನ ಅವಳಿಗೆ ಹೇಳಲಿಲ್ಲ. ನೀನು ಬೇಡವೆಂದೆ ಎಂದಲ್ಲ, ನನಗೇ ಹೆದರಿಕೆ. ಮೂವತ್ತು ವರ್ಷ ಕಳ್ಳರನ್ನೂ ಕೊಲೆಗಾರರನ್ನೂ ಕಾದವನು ಹೆಂಡತಿಯ ಎದುರು ಬಾಯಿ ತೆರೆಯಲಾರದೆ ಕೂತಿದ್ದೆ. ನೀನು ಒಂಬತ್ತು ವರ್ಷ ಹೇಗೆ ಇಟ್ಟುಕೊಂಡೆಯೋ, ನನಗೆ ಮೂರು ದಿನಕ್ಕೇ ಅನ್ನ ಇಳಿಯದಾಯಿತು.

ನಾಲ್ಕನೆಯ ದಿನ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಎದ್ದಿತು, ತೆಗೆಯಲಿಲ್ಲ.

"ಗುಂಡ್ಯಾಗ ಏನ್ ಇತ್ತು, ನನಗ ಅವತ್ತೇ ಕಂಡಿತ್ತು" ಎಂದಳು. "ಕಲ್ಲ ನೋಡೇನಿ. ನೀವೇ ಹೇಳ್ತೀರಿ ಅಂತ ಕಾಯಾಕತ್ತಿದ್ದೆ."

"ಹೇಳದಿದ್ರ?"

"ಹೇಳದಿದ್ರ ನಿಮ್ಮ ಸಂಗಟ ಮಾತ ಆಡ್ತಿದ್ದಿಲ್ಲ, ಅಷ್ಟ. ಯಾವ ಊರಾಗ ಅದಾನ?"

ಹೇಳಿದೆ. ಹೋಗಬೇಕು ಎಂದಳು. ಬೇಡ ಎನ್ನಲು ನನಗೆ ಏನು ಹಕ್ಕು? ಅವನ ಗಂಜಿ ಕುಡಿದು ಉಳಿದ ಬಾಯಿ ಇದು. ಆಳಂದದಿಂದ ದುಧನಿ ಸ್ಟೇಷನ್ನಿನ ತನಕ ನಾನೇ ಗಾಡಿ ಹೊಡೆದೆ. ಹತ್ತಿಸಿದೆ. ಇಸ್ಮಾಯಿಲನ ಹೆಂಡತಿ ಜೊತೆಗೆ ಹೋದಳು. "ಎಂಟ್ ದಿನಕ್ಕ ಬರ್ತೇನಿ" ಎಂದಳು. ಬರುವೆಯಾ ಎಂದು ನಾನು ಕೇಳಲಿಲ್ಲ.

ಆ ಎಂಟು ದಿನ ನನ್ನನ್ನು ಏನೂ ಕೇಳಬೇಡ. ಒಂದು ದಿನ ಸುಮ್ಮನೆ ಕೂಡಲಾರದೆ ಜೇಲಿಗೆ ಹೋಗಿ ಆ ಕಲ್ಲನ್ನು ಹೊತ್ತುಕೊಂಡು ಮನೆಗೆ ತಂದೆ. ಗುರಣ್ಣ ಕೇಳಿದ. ಎಲುಬು ಯುಗಾದಿಗೇ ಒಯ್ದೆ, ಇದು ನೆನಪಿಗೆ ಎಂದೆ. ಈಗ ಅಲ್ಲಿ ಪಾಯದ ಕಲ್ಲು ಬಿದ್ದಿದೆ. ನಿನ್ನ ಗುಂಡಿ ಇನ್ನು ಯಾರಿಗೂ ಸಿಗುವುದಿಲ್ಲ.

ಒಂಬತ್ತನೆಯ ದಿನ ದುಧನಿಗೆ ಗಾಡಿ ಕಟ್ಟಿದೆ. ರೈಲು ನಿಂತಿತು. ಅವಳು ಇಳಿದಳು. ಅವಳ ಹಿಂದೆ ಅವನು ಇಳಿದ.

ದುಧನಿ ನಿಜಾಮರ ಗಡಿಯಿಂದ ಆಚೆ. ಅಲ್ಲಿಯ ತನಕ ಅವನು ಬರಬಹುದು, ಒಂದು ಹೆಜ್ಜೆ ಈಚೆ ಬಂದರೆ ಕೈದಿ. ಸೊರಗಿದ್ದಾನೆ. ಕಿವಿಯ ತುಂಬ ಹತ್ತಿಯ ಧೂಳು. ನನ್ನನ್ನು ನೋಡಿದವನೇ ಹಿಮ್ಮಡಿ ಕೂಡಿಸಿ, ಕೈ ಇಳಿಬಿಟ್ಟು ನೆಟ್ಟಗೆ ನಿಂತ, ಗಿಣತಿಗೆ ನಿಂತ ಹಾಗೆ. ನಾನು "ಇಪ್ಪತ್ತೇಳು!" ಎಂದು ಕೂಗಿಬಿಟ್ಟೆ. ಸ್ಟೇಷನ್ನಿನ ಮಂದಿ ತಿರುಗಿ ನೋಡಿದರು.

"ಹಾಜರ್ ಜಮಾದಾರ್ರ" ಎಂದ. ಆಮೇಲೆ ಮೆಲ್ಲಗೆ, "ಗಂಜಿ ಕುಡದ್ರಿ?"

ಬೇವಿನ ಗಿಡದ ಕೆಳಗೆ ಕೂತೆವು. ಒಂದು ಕಡೆ ನನ್ನ ಗಾಡಿ, ಇನ್ನೊಂದು ಕಡೆ ಸೊಲ್ಲಾಪುರಕ್ಕೆ ಹೋಗುವ ರೈಲಿನ ಹೊತ್ತು. ಅವಳೇ ಬುತ್ತಿ ಬಿಚ್ಚಿ ಮೂರು ಪಾಲು ಮಾಡಿದಳು. ಅವನು ಉಣ್ಣುವ ಮೊದಲು ಕೊರಳಿನ ಲಿಂಗವನ್ನು ಅಂಗೈಗೆ ತೆಗೆದು ಕಣ್ಣಿಗೆ ಒತ್ತಿಕೊಂಡ. ಅದೇ ಲಿಂಗ. ನಾನು ನಿನಗೆ ಮೂರನೆಯ ಮಾತಾಗಿ ಕೇಳಿದ್ದೆನಲ್ಲ, ಅವನ ಕೈಯಲ್ಲಿದೆ.

ಉಂಡ ಮೇಲೆ ಅವಳು ಅವನಿಗೆ ಹೇಳಿದಳು: "ನೀ ಸತ್ತಿ ಅಂತ ಅತ್ತೇನಿ, ಅದು ಸುಳ್ಳ ಅಳು ಅಲ್ಲ. ಇವ್ರ ಸಂಗಟ ಏಳ್ ವರ್ಷ ಬಾಳೇನಿ, ಅದೂ ಸುಳ್ಳ ಬಾಳೇ ಅಲ್ಲ. ಎರಡೂ ಒಮ್ಮೆ ಮಾಡೇನಿ, ತಿರುಗಿ ಮಾಡಾಕ ನನ್ನ ಕೈಲಿ ಆಗಂಗಿಲ್ಲ."

ಅವನು ತಲೆ ಆಡಿಸಿದ. "ಎಂಟ್ ದಿನ ಮಾರಿ ನೋಡೇನಲ್ಲ, ಸಾಕ ಬಿಡು" ಎಂದ. ನಾನು ಬೇರೆ ಕಡೆ ನೋಡುತ್ತಿದ್ದೆ. ಅವಳು ಎದ್ದು ಬಂದು ಗಾಡಿಯಲ್ಲಿ ಕೂತಳು. ನನಗೆ ಹಗ್ಗ ಹಿಡಿಯಲು ಕೈ ಬರಲಿಲ್ಲ ಲಾಡ್ಲೆಸಾಬ. ಎತ್ತುಗಳೇ ತಾವಾಗಿ ಹೊರಟವು.

ಊರು ಕಂಡಾಗ ಎಂದಳು: "ಒಂಬತ್ತು ವರ್ಷ ಕಲ್ಲಿಗ ಎಡಿ ಇಟ್ಟೇನಿ. ಇನ್ನ ಮುಂದ ಆ ದಿವಸ ದುಧನಿಗ ಬಂದು ಮನಷ್ಯಾಗ ಉಣಸ್ತೇನಿ. ಅಂವಗೂ ಹೇಳೇನಿ. ಲಾಡ್ಲೆಸಾಬಣ್ಣಗ ಬರಾಕ ಬರೀರಿ."

ಅದಕ್ಕೇ ಈ ಕಾಗದ. ಜೂನ್ ಹದಿನೆಂಟಕ್ಕೆ ಇಸ್ಮಾಯಿಲನ ಗಾಡಿಯಲ್ಲಿ ಬಾ. ಈ ಸಲ ಅಫಜಲಪುರದಿಂದ ತಿರುಗಿ ಹೋದರೆ ಕಾಲು ಮುರಿಯುತ್ತೇನೆ. ಒಂಬತ್ತು ವರ್ಷ ಬೈದದ್ದನ್ನು ವಾಪಸ್ಸು ತೆಗೆದುಕೊಳ್ಳುವುದು ನನಗೆ ಬರುವುದಿಲ್ಲ, ಕಲಿತಿಲ್ಲ. ಖುರ್ಷಿದಬೇಗಂಗೆ ಒಂದು ಮಾತು ಹೇಳು. ನನ್ನ ಪಾಲಿನ ಬುತ್ತಿಯನ್ನು ಆವತ್ತು ಅವಳು ಕಟ್ಟಿ ಕಳಿಸಲಿ. ನೀರೂ ನಿಮ್ಮ ಮನೆಯದೇ ತಾ.

ಶಾಂತಲಿಂಗಪ್ಪ